ಎಡಗೈಯಲ್ಲಿ ಮಾತ್ರ ರಕ್ತ

ನಾನು ಒಂದು ರಬ್ಬರಿನ ರೋಗಿ. ಕಾರ್ಖಾನೆಯಲ್ಲಿ ನನಗೆ ಎರಡು ಕೈ ಜೋಡಿಸಿದರು, ಆದರೆ ಎಡಗೈಯೊಳಗೆ ಮಾತ್ರ ಸಣ್ಣ ಪೈಪು ಇಟ್ಟರು. ಅದಕ್ಕೆ ತುಂಬುವ ಕೆಂಪು ನೀರೇ ನನ್ನ ರಕ್ತ. ಸೂಜಿ ಸರಿಯಾಗಿ ಇಳಿದರೆ ಸಿರಿಂಜಿಗೆ ಬರುತ್ತದೆ. ಬಲಗೈ ಬರೀ ಗಟ್ಟಿ ರಬ್ಬರು. ಮೊದಲು ಹುಬ್ಬಳ್ಳಿಯ ದೊಡ್ಡ ಕಾಲೇಜಿನಲ್ಲಿದ್ದೆ. ಅಲ್ಲಿಗೆ ಹೊಸ ಗೊಂಬೆ ಬಂದಮೇಲೆ ಟೆಂಪೊದಲ್ಲಿ, ಬೆಂಚುಗಳ ನಡುವೆ ಮಲಗಿ, ಗದಗಿನ ಈ ಸಣ್ಣ ನರ್ಸಿಂಗ್ ಶಾಲೆಗೆ ಬಂದೆ.

ಇಲ್ಲಿ ಕಲಿಸುವವರು ಕರುಣಾಬಾಯಿ ಸಿಸ್ಟರು. ನನಗೆ ಗುರವ್ವ ಎಂದು ಹೆಸರಿಟ್ಟವರೂ ಅವರೇ. ಹೇಳದೆ ಚುಚ್ಚಿದ ಹುಡುಗಿಯರನ್ನು ಗದರಿಸುತ್ತಿದ್ದರು.

"ಮನಷ್ಯಾರ ಕೈ ಅದು, ಬದನಿಕಾಯಿ ಅಲ್ಲ. ಮಾತಾಡ್ಸಿ ಚುಚ್ರಿ. ನೊಂದ ಕೈ ಬಿಟ್ಟು ಇನ್ನೊಂದು ನೋಡ್ರಿ."

ಮುಂಡರಗಿ ಕಡೆಯ ನೀಲವ್ವ ಕೌನ್ಸಿಲ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದಳು. ಮೂರನೆಯದೇ ಕೊನೆಯದು. ಪಾಸಾಗದಿದ್ದರೆ ನರ್ಸ್ ಎಂದು ನೋಂದಣಿಯಿಲ್ಲ, ಓದಿದ್ದೆಲ್ಲ ನೀರುಪಾಲು. ಸಿಸ್ಟರು ದಿನಾ ಊಟದ ಬಿಡುವಿನಲ್ಲಿ ಅವಳಿಗೆ ಕಲಿಸಿದರು.

"ಕೈ ಯಾಕ ನಡಗತಾವ? ಗುರವ್ವ ಕಚ್ಚತಾಳೇನ?"

"ಕಚ್ಚಿದ್ರ ಛಲೋ ಇತ್ರಿ ಸಿಸ್ಟರ್. ಸುಮ್ನ ನೋಡತಾಳಲ್ರಿ, ಅದಕ್ಕ ಅಂಜಿಕಿ."

ಎರಡು ತಿಂಗಳಲ್ಲಿ ನಡುಕ ನಿಂತಿತು.

ಪರೀಕ್ಷೆಯ ದಿನ ಅವಳಿಗಿಂತ ಮುಂಚೆ ಹನ್ನೊಂದು ಹುಡುಗಿಯರು ನನ್ನ ಎಡಗೈಗೆ ಚುಚ್ಚಿದ್ದರು. ತೂತುಗಳಿಂದ ಕೆಂಪು ನೀರು ಜಿನುಗುತ್ತಿತ್ತು. ನೀಲವ್ವ ಅದನ್ನು ಹತ್ತಿಯಿಂದ ಮೆಲ್ಲಗೆ ಒರೆಸಿದಳು.

"ಭಾಳ ನೋವಾಗೈತೇನಬೇ ಯಮ್ಮಾ? ತಡಿ, ಈ ಕೈ ಬ್ಯಾಡ."

ರಕ್ತ ತೆಗೆಯಲು ಬಲಗೈ ತೋಳಿಗೆ ಪಟ್ಟಿ ಬಿಗಿದಳು. ನಾನು ಗೊಂಬೆ ಎಂಬುದನ್ನೇ ಮರೆತಿದ್ದಳು. ಮಾತು ಬರುತ್ತಿದ್ದರೆ ಕೂಗಿಬಿಡುತ್ತಿದ್ದೆ. ಸೂಜಿ ನೆಟ್ಟಗೆ, ನಡುಗದೆ ಇಳಿಯಿತು. ಸಿರಿಂಜು ಖಾಲಿಯೇ ಉಳಿಯಿತು. ಪರೀಕ್ಷಕರು ಏನೋ ಬರೆದುಕೊಂಡು ಮುಂದಿನವಳನ್ನು ಕರೆದರು.

ಸಂಜೆ ಸಿಸ್ಟರು ಪರೀಕ್ಷಕರೆದುರು ಕೈಮುಗಿದು ನಿಂತರು. "ಮನಷ್ಯಾರು ಇದ್ದಿದ್ರ ಆಕಿ ಮಾಡಿದ್ದ ಸರಿ ಇತ್ರಿ, ಸರ್."

"ಖರೆ ಐತ್ರಿ ಸಿಸ್ಟರ್. ಆದ್ರ ಇದು ಮನಷ್ಯಾ ಅಲ್ಲಲ್ರಿ?"

ನೀಲವ್ವ ಈಗ ಯಾವುದೋ ಆಸ್ಪತ್ರೆಯಲ್ಲಿ ಆಯಾ ಆಗಿದ್ದಾಳಂತೆ. ವಾರ್ಡು ಒರೆಸುತ್ತಾಳೆ, ಸೂಜಿ ಮುಟ್ಟುವಂತಿಲ್ಲ. ಪರೀಕ್ಷೆಯ ಮರುವಾರವೇ ಸಿಸ್ಟರು ನನ್ನ ಎಡಗೈ ಮೇಲೆ ಕಪ್ಪು ಮಾರ್ಕರಿನಿಂದ ಬಾಣ ಬರೆದು, "ಇಲ್ಲೇ ಚುಚ್ಚಬೇಕು, ತಿಳೀತಿಲ್ಲೋ?" ಎಂದು ಹುಡುಗಿಯರಿಗೆ ಹೇಳಿದರು. ಆಮೇಲೆ ಬಂದವರೆಲ್ಲ ಪಾಸಾದರು. ಯಾರೂ ನನ್ನನ್ನು ಮಾತಾಡಿಸಲಿಲ್ಲ.

ಈಗ ನನ್ನ ಪೈಪು ಹರಿದಿದೆ. ಸ್ಟೋರ್ ರೂಮಿನ ಬಾಗಿಲ ಹಿಂದೆ ಒರಗಿದ್ದೇನೆ. ಎಷ್ಟೋ ಹುಡುಗಿಯರಿಗೆ ರಕ್ತ ಕೊಟ್ಟೆ. ನೋವಾಯಿತೇ ಎಂದು ಕೇಳಿದವಳಿಗೆ ಮಾತ್ರ ಅವತ್ತು ಒಂದು ತೊಟ್ಟೂ ಕೊಡಲಾಗಲಿಲ್ಲ.