ಉಬ್ಬದ ಹಿಟ್ಟು

"ತೋಳು ಎತ್ತಿ ಹಿಡ್ಕೊಳ್ಳೇ, ಅಂಗಿ ಹಾಕೋಣ. ಇನ್ನೂ ತಡ ಮಾಡಿದ್ರೆ ಮಡಚೋಕಾಗಲ್ಲ," ಎಂದಳು ಆಯಾ.

ತಂಗಿ ಸತ್ತ ಅಕ್ಕನ ತೋಳನ್ನು ಎತ್ತಿ ಹಿಡಿದಳು. ಅಕ್ಕನೂ ಆಸ್ಪತ್ರೆಯ ಆಯಾ ಆಗಿದ್ದವಳೇ. ಮೂವತ್ತು ವರ್ಷ ಬೇರೆಯವರ ಹೆಣಗಳಿಗೆ ಬಟ್ಟೆ ತೊಡಿಸಿದ ಕೈ, ತನ್ನ ಸರದಿ ಬಂದಾಗ ಸುಲಭಕ್ಕೆ ಬಗ್ಗಲಿಲ್ಲ. ಜೊತೆಗೆ ದುಡಿದ ಈ ಮುದುಕಿ ಸುದ್ದಿ ಕೇಳಿ ಕರೆಯದೆಯೇ ಮನೆಗೆ ಬಂದಿದ್ದಳು. ಬಾಯಿ ಜೋರು, ಕೈ ಮೆತ್ತಗೆ.

ಮಂಚದ ಪಕ್ಕದಲ್ಲಿದ್ದ ಕಾದಂಬರಿ ಆಯಾಳ ಕಣ್ಣಿಗೆ ಬಿತ್ತು. "ನೀನು ಓದಿ ಹೇಳ್ತಿದ್ಯಾ?"

"ಹೂಂ. ಹದಿನೈದು ದಿನದಿಂದ."

"ಎಲ್ಲಿಂದ ಶುರು ಮಾಡಿದೆ?"

"ಮೊದಲನೇ ಪುಟದಿಂದ."

ಆಯಾಳ ಕೈ ಗುಂಡಿಯ ಮೇಲೆಯೇ ನಿಂತಿತು. "ಅಯ್ಯೋ ನಿನ್ನ! ಅವಳ ಪದ್ಧತಿ ಗೊತ್ತಿರಲಿಲ್ವಾ?"

ಗೊತ್ತಿಲ್ಲದೆ ಏನು! ಅಕ್ಕ ವಾರ್ಡಿನ ರೋಗಿಗಳಿಗೆ ಪತ್ತೇದಾರಿ ಕಾದಂಬರಿ ಓದಿ ಹೇಳುತ್ತಿದ್ದಳು. ಗುಣವಾಗಿ ಮನೆಗೆ ಹೋಗುವವರಿಗೆ ಮೊದಲ ಪುಟದಿಂದ. ಉಳಿಯದವರಿಗೆ ಕೊನೆಯ ಪುಟ ಮೊದಲು. "ಕೊಂದವರು ಯಾರು ಅಂತ ಗೊತ್ತಾಗದೆ ಯಾರೂ ಹೋಗಬಾರದು ಕಣೇ," ಎನ್ನುತ್ತಿದ್ದಳು. ಕೊನೆಯ ಪುಟ ಕೇಳಿದವರಿಗೆ ಅರ್ಥವಾಗುತ್ತಿತ್ತು. ಅಳುತ್ತಿದ್ದರು, ಬೈಯುತ್ತಿದ್ದರು, ಆಮೇಲೆ ಮನೆಯವರನ್ನು ಕರೆಸಿ ಹೇಳಬೇಕಾದ್ದನ್ನು ಹೇಳಿ ಹೋಗುತ್ತಿದ್ದರು.

ತಂಗಿಗೆ ಅಷ್ಟು ಎದೆಗಾರಿಕೆ ಇರಲಿಲ್ಲ.

* * *

ಕಾದಂಬರಿ ಒಂದು ಪುಟ್ಟ ಊರಿನದು. ಅಲ್ಲೊಂದು ಬೇಕರಿ, ಸುಳ್ಳು ಹೇಳುವವರು ಒಳಗೆ ಕಾಲಿಟ್ಟರೆ ನಾದಿಟ್ಟ ಹಿಟ್ಟು ಉಬ್ಬುವುದಿಲ್ಲ. ಗಡಿಯಾರ ರಿಪೇರಿಯವನನ್ನು ಯಾರೋ ಕೊಂದಿದ್ದಾರೆ, ಬೇಕರಿಯಾಕೆ ಪತ್ತೆ ಹಚ್ಚಬೇಕು.

"ಡಾಕ್ಟರು ಏನಂದ್ರು?" ಮೊದಲ ಸಂಜೆ ಅಕ್ಕ ಕೇಳಿದ್ದಳು.

"ಇನ್ನೊಂದು ತಿಂಗಳಿಗೆ ಎದ್ದು ಓಡಾಡ್ತೀಯಂತೆ," ಎಂದು ತಂಗಿ ಮೊದಲನೇ ಪುಟ ತೆರೆದಳು.

ಅಕ್ಕ ಅವಳ ಮುಖವನ್ನೇ ನೋಡಿದಳು. "ಹಾಗಾದ್ರೆ ನಿಧಾನವಾಗಿ ಓದು. ಏನು ಅವಸರ?"

ದಿನಕ್ಕೆ ಮೂರು ಪುಟ. ದಿನವೂ ಜಗಳ.

"ಟೈಲರೇ ಕಣೇ ಕೊಂದಿದ್ದು. ನಿನ್ನಾಣೆ!" ಎನ್ನುತ್ತಿದ್ದಳು ಅಕ್ಕ.

"ನಿನ್ನ ತಲೆ. ಅವನು ಇಲಿ ಕಂಡ್ರೆ ಓಡ್ತಾನೆ."

"ಪಂದ್ಯ ಕಟ್ತೀಯಾ?" ಎಂದು ಅಕ್ಕ ನಕ್ಕು ನಕ್ಕು ಕೆಮ್ಮುತ್ತಿದ್ದಳು.

ನಿನ್ನೆ ಸಂಜೆ, ನಲವತ್ತೈದನೇ ಪುಟದಲ್ಲೆಲ್ಲೋ ಅವಳ ಉಸಿರು ನಿಂತಿತು. ಅದು ತಿಳಿಯದೆ ತಂಗಿ ಆ ಪುಟವನ್ನು ಪೂರ್ತಿ ಓದಿದ್ದಳು.

* * *

"ಪಾಪ, ಯಾರಿಗೂ ಏನೂ ಹೇಳದೆ ಹೋದ್ಲು," ಎಂದು ಆಯಾ ದಿಂಬು ಎಳೆದಳು. ಗವಸಿನೊಳಗೆ ಏನೋ ಸರಪರ ಎಂದಿತು. ತಂಗಿ ಕೈ ಹಾಕಿ ತೆಗೆದಳು.

ನಾಲ್ಕು ಮಡಿಕೆಯಾಗಿದ್ದ ಒಂದು ಹಾಳೆ. ತೆರೆದು ಮಡಚಿ, ತೆರೆದು ಮಡಚಿ ಮಡಿಕೆಗಳು ಸವೆದಿದ್ದವು. 'ಔಷಧಿ ಅಂಗಡಿಯವನು ತಲೆ ತಗ್ಗಿಸಿ ಕೊಲೆಯನ್ನು ಒಪ್ಪಿಕೊಂಡ. ಬೇಕರಿಯಲ್ಲಿ ಹಿಟ್ಟು ಉಬ್ಬತೊಡಗಿತು.' ಕೆಳಗೆ, 'ಮುಗಿಯಿತು.'

ತಂಗಿ ಪುಸ್ತಕದ ಹಿಂಭಾಗ ತೆರೆದಳು. ಕೊನೆಯ ಹಾಳೆ ಇದ್ದ ಜಾಗದಲ್ಲಿ ಕಿತ್ತ ಅಂಚು ಮಾತ್ರ ಉಳಿದಿತ್ತು.

ಹಾಳೆಯ ಮೂಲೆಯಲ್ಲಿ ಕೆಮ್ಮಿನ ಔಷಧಿಯ ಕೆಂಪು ಹೆಬ್ಬೆರಳ ಗುರುತು. ಆ ಔಷಧಿಯನ್ನು ಡಾಕ್ಟರು ಹತ್ತು ದಿನದ ಹಿಂದೆಯೇ ನಿಲ್ಲಿಸಿದ್ದರು. ಅಂದರೆ ಕೊನೆಯ ಹತ್ತು ಸಂಜೆಯೂ ಅಕ್ಕ ಎಲ್ಲ ತಿಳಿದೇ ಟೈಲರನ ಮೇಲೆ ಪಂದ್ಯ ಕಟ್ಟಿದ್ದಳು. ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಡಲಿಲ್ಲ.

"ಏನೇ ಅದು?" ಎಂದಳು ಆಯಾ.

"ಏನಿಲ್ಲ. ಹಳೇ ಔಷಧಿ ಚೀಟಿ."

ಹೊರಗೆ ಹೆಣದ ಗಾಡಿಯವನು ಹಾರ್ನ್ ಹೊಡೆದ. ತಂಗಿ ಹಾಳೆಯನ್ನು ಅದೇ ಮಡಿಕೆಗಳಲ್ಲಿ ಮಡಚಿ ಅಕ್ಕನ ಅಂಗಿಯ ಜೇಬಿಗಿಟ್ಟಳು. ಆಮೇಲೆ ಬಗ್ಗಿ, ತಣ್ಣಗಿದ್ದ ಕಿವಿಗೆ ಬಾಯಿ ಹಚ್ಚಿದಳು.

"ಟೈಲರೇ ಅಕ್ಕ. ನೀನೇ ಗೆದ್ದೆ."