ನೀವು ಅಂದರೆ ಯಾರು?

ಹೊಲಿಗೆ ಕಾರ್ಖಾನೆಗೆ ಟಿವಿ ಬಂದದ್ದು ಮಾಲೀಕರ ಔದಾರ್ಯದಿಂದಲ್ಲ. ಹೆಂಗಸರು ಕೆಲಸ ಮಾಡುತ್ತ ಮಾತಾಡುತ್ತಾರೆ, ಮಾತಾಡಿದವರು ಒಂದಲ್ಲ ಒಂದು ದಿನ ಒಟ್ಟಾಗಿ ಪ್ರಶ್ನೆ ಕೇಳುತ್ತಾರೆ. ಅವರ ಬಾಯಿ ಮುಚ್ಚಿಸಲು ಬೇರೊಂದು ಬಾಯಿಯನ್ನು ತಂದು ಗೋಡೆಗೆ ನೇತುಹಾಕಲಾಯಿತು, ಅಷ್ಟೆ.

ಅದನ್ನು ನೇತುಹಾಕಿದ್ದೂ ಯಂತ್ರಗಳ ಸಾಲಿನ ಬೆನ್ನ ಹಿಂದೆ. ಎದುರಿಗೆ ಹಾಕಿದರೆ ಕಣ್ಣು ಸೂಜಿ ಬಿಟ್ಟು ಮೇಲೇಳುತ್ತದೆಂದು ಲೆಕ್ಕ. ಹಾಗಾಗಿ ಆ ಶೆಡ್ಡಿನ ಹೆಂಗಸರು ಟಿವಿಯನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ನೋಡುವ ಅವಕಾಶವಿದ್ದದ್ದು ಒಬ್ಬಳಿಗೆ: ಸಾಲಿನ ಎದುರು ತುದಿಯಲ್ಲಿ, ಟಿವಿಗೆ ಮುಖಮಾಡಿ, ಬಟ್ಟೆ ಕತ್ತರಿಸುವ ಮೇಜಿನ ಬಳಿ ನಿಲ್ಲುವವಳಿಗೆ. ಅವಳ ಕೈಲಿರುವ ಕತ್ತರಿಸುವ ಯಂತ್ರವೋ ಹಲ್ಲು ಜುಮ್ಮೆನ್ನುವಂತೆ ಕಿರುಚುತ್ತಿತ್ತು. ಅವಳಿಗೆ ಚಿತ್ರ ಕಾಣುತ್ತಿತ್ತು, ಒಂದಕ್ಷರ ಕೇಳಿಸುತ್ತಿರಲಿಲ್ಲ.

ಕತ್ತರಿಸುವವಳಿಗೆ ಎಲ್ಲರೂ ಇಟ್ಟ ಹೆಸರು ಕತ್ತರಿ. ಕೆಲಸಕ್ಕಾಗಿ ಇಟ್ಟದ್ದೋ ನಾಲಿಗೆಗಾಗಿ ಇಟ್ಟದ್ದೋ ಹೇಳುವುದು ಕಷ್ಟ. ಸಾಲಿನ ನಡುವಿನ ಯಂತ್ರದಲ್ಲಿ ಅಂಗಿಯ ಕಾಲರ್ ಹೊಲಿಯುತ್ತಿದ್ದವಳು ಅವಳ ಸ್ವಂತ ಅಕ್ಕ. ಒಂದೇ ಮನೆ, ಒಂದೇ ಒಲೆ, ಒಂದೇ ಬಸ್ಸು. ಗಂಡ ತೀರಿಕೊಂಡ ಮೇಲೆ ಅಕ್ಕ, ಗಂಡನನ್ನು ತಾನೇ ಬಿಟ್ಟ ಮೇಲೆ ತಂಗಿ, ಹೀಗೆ ಇಬ್ಬರೂ ಅಮ್ಮನ ಎರಡು ಕೋಣೆಯ ಮನೆಗೆ ವಾಪಸಾಗಿದ್ದರು. ಈಗ ಅಮ್ಮನೂ ಇಲ್ಲ.

ಊಟದ ಹೊತ್ತಿಗೆ ಮುಂಚೆ ದಿನವೂ ಆ ಟಿವಿಯಲ್ಲಿ ಬರುತ್ತಿದ್ದವನು ನಗೆ ಡಾಕ್ಟರು. ಅದು ಹೆಂಗಸರು ಕೊಟ್ಟ ಹೆಸರು. ಅವನ ನಗೆ ಧ್ವನಿಯಲ್ಲೇ ಕೇಳಿಸುತ್ತಿತ್ತು. "ತಾಯಂದಿರೇ, ನಿಮ್ಮ ಮೈಯನ್ನ ನೀವು ಎಷ್ಟು ದಿನ ಮರೀತೀರಿ?" ಎಂದು ಅವನು ಶುರುಮಾಡಿದರೆ ಪೆಡಲ್ ತುಳಿಯುವ ಕಾಲುಗಳೂ ಒಂದು ಕ್ಷಣ ಮೆತ್ತಗಾಗುತ್ತಿದ್ದವು. ಆ ಶೆಡ್ಡಿನಲ್ಲಿ ಅವರನ್ನು "ನೀವು" ಎಂದು ಕರೆಯುತ್ತಿದ್ದವನು ಅವನೊಬ್ಬನೇ.

"ನನ್ನ ಗಂಡ ಒಂದು ಸಲ 'ನೀವು' ಅಂದಿದ್ದ," ಎನ್ನುತ್ತಿದ್ದಳು ಸಾಲಿಗೆಲ್ಲ ಚಿಕ್ಕಮ್ಮನಾದ ಗುಂಡಿ ಹಾಕುವವಳು. "ನಾನು ಸೀದಾ ಹಿಂದೆ ತಿರುಗಿ ನೋಡ್ದೆ, ಅತ್ತೆ ಬಂದ್ರೇನೋ ಅಂತ."

ಅಕ್ಕ ಮಾತ್ರೆ ಬಿಟ್ಟಿದ್ದಾಳೆ ಎಂದು ತಂಗಿಗೆ ತಿಳಿದದ್ದು ಆಕಸ್ಮಿಕವಾಗಿ. ಬೆಳಿಗ್ಗೆ ಬೀರು ಒರೆಸುವಾಗ ಬಿಪಿ ಮಾತ್ರೆಯ ಹಾಳೆಗಳು ಒಡೆಯದೆ ಹಾಗೇ ಬಿದ್ದಿದ್ದವು. ಪಕ್ಕದಲ್ಲಿ ಹೊಸದೊಂದು ಡಬ್ಬಿ. ಡಬ್ಬಿಯ ಮೇಲೆ ನಗೆ ಡಾಕ್ಟರ ಮುಖ, ಒಳಗೆ ಕಂದು ಬಣ್ಣದ ಪುಡಿ.

"ಇದೇನೇ ಅಕ್ಕ?"

"ಪುಡಿ."

"ಪುಡಿ ಅಂತ ನಂಗೂ ಕಾಣುತ್ತೆ. ಮಾತ್ರೆ ಯಾಕೆ ಬಿಟ್ಟೆ?"

"ಡಾಕ್ಟ್ರು ಬಿಡಿ ಅಂದ್ರು."

"ಯಾವ ಡಾಕ್ಟ್ರು? ಆಸ್ಪತ್ರೆಗೆ ನೀನು ಯಾವಾಗ ಹೋಗಿದ್ದೆ?"

ಅಕ್ಕ ಬಾಚಣಿಗೆಯನ್ನು ಗೋಡೆಯ ಮೊಳೆಗೆ ಸಿಗಿಸಿ ತಿರುಗಿದಳು. "ಕಾಲು ಊದ್ತಾ ಇದ್ರೆ ನೀವು ಆ ಮಾತ್ರೆ ಬಿಟ್ಟುಬಿಡಿ ಅಂತ ಬಾಯಿಬಿಟ್ಟು ಹೇಳಿದ್ರು. ನನ್ನ ಕಾಲು ಊದುತ್ತೋ ಇಲ್ವೋ? ಸಂಜೆ ಹೊತ್ತಿಗೆ ಚಪ್ಪಲಿ ಹಿಡಿಸಲ್ಲ ನಂಗೆ. ಪೆಡಲ್ ತುಳಿಯೋಳು ನಾನು, ನೀನಲ್ಲ. ಆಮೇಲೆ ಈ ಪುಡಿ ತಗೊಳ್ಳಿ ಅಂದ್ರು. ತಗೊಂಡೆ. ಊತ ಇಳೀತು, ಮುಗೀತು."

"ತಲೆನೋವು?"

ಅಕ್ಕ ಡಬ್ಬಿಯ ಮುಚ್ಚಳ ಬಿಗಿಮಾಡಿದಳು. ಬೆಳಗಾಗೆದ್ದರೆ ಹಿಂದಲೆ ಸಿಡಿಯುತ್ತದೆಂದು ಅವಳು ಒದ್ದೆ ಬಟ್ಟೆ ಕಟ್ಟಿಕೊಳ್ಳುವುದನ್ನು ತಂಗಿ ನೋಡುತ್ತಲೇ ಇದ್ದಳು. ಬಿಸಿಲಿಗೆ, ನಿದ್ದೆಗೆಟ್ಟದ್ದಕ್ಕೆ ಎಂದುಕೊಂಡಿದ್ದಳು.

ಅದೇ ಕೋಣೆಯ ಮಂಚದ ಮೇಲೆ ಕೊನೆಗಾಲದಲ್ಲಿ ಅಮ್ಮ ಮಲಗಿದ್ದಳು. ಬಿಪಿ ಏರಿ ಒಂದು ಮಗ್ಗುಲು ಬಿದ್ದುಹೋಗಿ, ಬಾಯಿ ಸೊಟ್ಟಗಾಗಿ, ಮಕ್ಕಳ ಹೆಸರು ಹೇಳಲು ಬಾರದೆ ಕಣ್ಣಲ್ಲೇ ನೀರು ಸುರಿಸುತ್ತ. ತಂಗಿ ಆ ಬಾಯಿ ಒರೆಸಿದವಳು. ಹೊಲಿಯುವವಳ ಬಲಗೈ ಬಿದ್ದುಹೋದರೆ ಉಳಿಯುವುದೇನೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ಅಮ್ಮನ್ನ ನೋಡಿದೀಯಲ್ಲೇ," ಎಂದಳು.

"ನೋಡಿದೀನಿ. ಆಸ್ಪತ್ರೇಲಿ ಯಾರೂ ಅವಳ ಮುಖ ಕೂಡ ನೋಡ್ಲಿಲ್ಲ, ಅದನ್ನೂ ನೋಡಿದೀನಿ." ಅಕ್ಕ ಚೀಲ ಹೆಗಲಿಗೇರಿಸಿದಳು. "ನೀನು ಆ ಕಾರ್ಯಕ್ರಮ ಒಂದು ದಿನಾನಾದ್ರೂ ಕೇಳಿದೀಯಾ? ಕೇಳದೆ ಮಾತಾಡಬೇಡ."

ಬಸ್ಸಿನಲ್ಲಿ ತಂಗಿ ಆ ಮಾತನ್ನೇ ಮೆಲುಕು ಹಾಕಿದಳು. ಕೇಳಿಲ್ಲ, ನಿಜ. ಆದರೆ ನೋಡಿದ್ದಳು. ಅಕ್ಕ ಹೇಳಿದ ಊದಿದ ಕಾಲಿನ ಮಾತಿಗೆ ಹೊಂದುವ ಚಿತ್ರವೊಂದು ಅವಳಿಗೆ ಚೆನ್ನಾಗಿ ನೆನಪಿತ್ತು. ಸೋಫಾದ ಮೇಲೆ ಹಳದಿ ಬಟ್ಟೆಯ ಹೆಂಗಸೊಬ್ಬಳು ಕೂತಿದ್ದಳು. ಪಾದ ಎತ್ತಿ ತೋರಿಸಿದ್ದಳು. ಡಾಕ್ಟರು ಬಗ್ಗಿ ಅದನ್ನು ಒತ್ತಿ ನೋಡಿ, ಏನೋ ಹೇಳಿ, ನಕ್ಕು, ಜೇಬಿನಿಂದ ಬೇರೊಂದು ಮಾತ್ರೆಯ ಹಾಳೆ ತೆಗೆದು ಅವಳ ಕೈಗಿಟ್ಟಿದ್ದ.

ಮಾತ್ರೆ ಬದಲಾಯಿಸಿದ್ದು! ಬಿಡಿಸಿದ್ದಲ್ಲ!

"ಅಕ್ಕ, ಅವರು ಹೇಳಿದ್ದು ನಿಂಗಲ್ಲ. ಅಲ್ಲಿ ಒಬ್ಬಳು ಕೂತಿದ್ಲು. ಅವಳಿಗೆ ಬೇರೆ ಮಾತ್ರೆ ಕೊಟ್ರು, ನಾನು ಕಣ್ಣಾರೆ ನೋಡ್ದೆ."

"'ನೀವು' ಅಂದ್ರು. 'ಇವಳು' ಅನ್ಲಿಲ್ಲ."

"ಒಬ್ಬಳಿಗೂ 'ನೀವು' ಅಂತಾರಲ್ಲೇ, ಮರ್ಯಾದೆಗೆ!"

"ಎಲ್ರಿಗೂ 'ನೀವು' ಅಂತಾರೆ. ಬೇರೆ ಮಾತ್ರೆ ಕೊಡೋದಾದ್ರೆ ಕೊಡ್ತೀನಿ ಅಂತ ಹೇಳ್ತಿದ್ರು. ನನಗೆ ಕಿವಿ ಇದೆ."

ಒಬ್ಬಳು ಬಂದರೂ "ನೀವು", ಒಂದು ಊರೇ ಬಂದರೂ "ನೀವು". ನಮ್ಮ ಮಾತಿನ ಈ ಒಂದು ಪದದೊಳಗೆ ಎಷ್ಟು ಜನರನ್ನು ಬೇಕಾದರೂ ತುರುಕಬಹುದು. ಎದುರು ಕೂತವಳನ್ನು ಕುರಿತು ಆಡಿದ ಮಾತು ಲಕ್ಷ ಮನೆಗಳಿಗೆ ಹರಿಯುತ್ತದೆಂದು ಆ ಡಾಕ್ಟರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದುದರಿಂದಲೇ ಆ ಸೋಫಾ, ಆ ದೀಪಗಳು, ಆ ಡಬ್ಬಿಯ ಮೇಲಿನ ಮುಖ.

ಅಂದಿನಿಂದ ತಂಗಿ ಪರದೆಯ ಮೇಲೊಂದು ಕಣ್ಣಿಟ್ಟೇ ಬಟ್ಟೆ ಕತ್ತರಿಸಿದಳು. ಆ ಚಾನೆಲ್ಲು ಹಳೆಯ ಕಂತುಗಳನ್ನೇ ಮತ್ತೆ ಬಿಸಿಮಾಡಿ ಬಡಿಸುತ್ತದೆಂದು ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಅಕ್ಕನೊಡನೆ ಮಾತು ಬಿಟ್ಟಿರಲಿಲ್ಲ, ಮಾತೇ ಜಗಳವಾಗಿತ್ತು. ಒಂದು ಬೆಳಿಗ್ಗೆ ಅಕ್ಕ ಕಾಲರಿನ ಅಂಚು ತಪ್ಪಿ ಹೊಲಿದು, ಬಿಚ್ಚಿ, ಮತ್ತೆ ತಪ್ಪಿಸಿದಳು.

"ಕಣ್ಣ ಮುಂದೆ ಏನೋ ಮಿಣಮಿಣ ಅನ್ನುತ್ತೆ ಕಣೇ," ಎಂದು ಪಕ್ಕದ ಗುಂಡಿ ಚಿಕ್ಕಮ್ಮನಿಗೆ ಹೇಳಿದಳು.

"ವಯಸ್ಸಾಯ್ತು. ನಂಗೂ ಸೂಪರ್‌ವೈಸರ್ ಚೆನ್ನಾಗಿ ಕಾಣ್ತಾನೆ ಈಗೀಗ," ಎಂದಳು ಚಿಕ್ಕಮ್ಮ.

ಸಾಲೆಲ್ಲ ನಕ್ಕಿತು. ಆ ನಗುವಿನ ನಡುವೆಯೇ ತಂಗಿ ತಲೆಯೆತ್ತಿದಳು. ಪರದೆಯ ಮೇಲೆ ಸೋಫಾ. ಸೋಫಾದ ಮೇಲೆ ಹಳದಿ ಬಟ್ಟೆಯ ಹೆಂಗಸು.

ತಂಗಿ ಕತ್ತರಿಸುವ ಯಂತ್ರವನ್ನು ಮೇಜಿನ ಮೇಲಿಟ್ಟಳು. ಗೋಡೆಯ ಬಳಿ ಹೋದಳು. ಯಂತ್ರಗಳ ದೊಡ್ಡ ಸ್ವಿಚ್ಚನ್ನು ಎರಡೂ ಕೈಯಿಂದ ಹಿಡಿದು ಕೆಳಕ್ಕೆ ಎಳೆದಳು.

ಶೆಡ್ಡಿಗೆ ಶೆಡ್ಡೇ ನಿಂತಿತು. ಟಿವಿಯ ತಂತಿ ದೀಪಗಳ ಸಾಲಿನಲ್ಲಿತ್ತು, ಅದು ಮಾತಾಡುತ್ತಲೇ ಇತ್ತು. ಯಂತ್ರಗಳ ಸದ್ದಿಲ್ಲದ ಆ ಧ್ವನಿ ಎಲ್ಲರಿಗೂ ಹೊಸದಾಗಿ ಕೇಳಿಸಿತು.

"ತಿರುಗ್ರೇ ಎಲ್ಲಾ!" ಎಂದು ತಂಗಿ ಕೂಗಿದಳು. "ಕೇಳಿದ್ದು ಸಾಕು, ನೋಡಿ! ಅಕ್ಕ, ತಿರುಗು!"

ಸ್ಟೂಲುಗಳು ಸಿಮೆಂಟಿನ ನೆಲದ ಮೇಲೆ ಕೆರೆದವು. ಹೆಂಗಸರು ತಿರುಗಿದರು. ಅಕ್ಕ ಕೊನೆಗೆ ತಿರುಗಿದಳು, ತುಟಿ ಬಿಗಿಹಿಡಿದು.

ಹಳದಿ ಬಟ್ಟೆಯವಳು ಪಾದ ತೋರಿಸಿದಳು. ಡಾಕ್ಟರು ಬಗ್ಗಿ ಒತ್ತಿದ. "ಕಾಲು ಊದ್ತಾ ಇದ್ರೆ ನೀವು ಆ ಮಾತ್ರೆ ಬಿಟ್ಟುಬಿಡಿ ತಾಯಿ. ನಾನು ಹೇಳ್ತಾ ಇದೀನಲ್ಲ!" ಹಿನ್ನೆಲೆಯಲ್ಲಿ ಸಂಗೀತ ಏರಿತು. ಸಂಗೀತದ ಕೆಳಗೆ ಅವನು ಮಾತಿಲ್ಲದೆ ಜೇಬಿನಿಂದ ಹೊಸ ಮಾತ್ರೆಯ ಹಾಳೆ ತೆಗೆದು ಅವಳ ಅಂಗೈಯಲ್ಲಿಟ್ಟು, ಬೆರಳು ಮಡಚಿಸಿದ. ಅವಳು ತಲೆಯಾಡಿಸಿದಳು. ಪರದೆಯ ತಳದಲ್ಲಿ ಇರುವೆ ಸಾಲಿನಂಥ ಅಕ್ಷರ ಓಡಿಹೋಯಿತು: ನಿಮ್ಮ ವೈದ್ಯರನ್ನು ಕೇಳದೆ ಔಷಧ ನಿಲ್ಲಿಸಬೇಡಿ. ಚಿತ್ರ ಬದಲಾಯಿತು, ಸೋಫಾ ಹೋಯಿತು, ಬೇರೆ ಅಂಗಿ ತೊಟ್ಟ ಅದೇ ಡಾಕ್ಟರು ಡಬ್ಬಿ ಹಿಡಿದು ನಿಂತಿದ್ದ. "ಇವತ್ತೇ ತಗೊಳ್ಳಿ!" ಎಂದ, ಅದೇ ಧ್ವನಿಯಲ್ಲಿ.

"ಅಯ್ಯೋ ಪಾಪಿ," ಎಂದಳು ಗುಂಡಿ ಚಿಕ್ಕಮ್ಮ. "ಅದು ಜಾಹೀರಾತಾ? ಒಂದೇ ಮಾತು ಅಂದ್ಕೊಂಡಿದ್ವಲ್ಲೇ!"

"ಹೇಳಿದ್ದು ನಮಗೆ, ಕೊಟ್ಟಿದ್ದು ಅವಳಿಗೆ," ಎಂದಳು ಇನ್ನೊಬ್ಬಳು.

ಸೂಪರ್‌ವೈಸರ್ ಕಚೇರಿಯಿಂದ ಓಡಿಬಂದ. "ಸ್ವಿಚ್ ಮುಟ್ಟಿದ್ದು ಯಾರು?"

"ನಾನು."

"ಕತ್ತರೀ, ತಲೆ ಕೆಟ್ಟಿದೆಯಾ ನಿಂಗೆ? ಮಧ್ಯಾಹ್ನದ ಮೇಲೆ ನೀನು ಬರೋದು ಬೇಡ. ಇವತ್ತಿನದು ಅರ್ಧ ದಿನ ಅಂತ ಹಾಕ್ತೀನಿ."

"ಹಾಕಿ. ಅಕ್ಕಂದೂ ಹಾಕಿ. ಅವಳೂ ನನ್ನ ಜೊತೆ ಬರ್ತಾಳೆ."

ಅಕ್ಕ ಎದ್ದಳು. ಯಂತ್ರದ ಮೇಲಿದ್ದ ಕಾಲರುಗಳನ್ನು ಒಟ್ಟುಮಾಡಿ ಚಿಕ್ಕಮ್ಮನ ಕಡೆ ಸರಿಸಿ ಹೊರನಡೆದಳು.

ಸರ್ಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಮೇಲೆ ಅಕ್ಕ ಅಂದಳು. "ಅವನು ನನ್ನ ಕಾಲಿನ ವಿಷಯ ಆದ್ರೂ ಮಾತಾಡ್ದ. ಇಲ್ಲಿ ಯಾರು ಮಾತಾಡ್ತಾರೆ?"

"ಮಾತಾಡಿಸೋಣ."

"ಗೋಡೆ ಮಾತಾಡುತ್ತೆ, ಇವರು ಮಾತಾಡಲ್ಲ."

ಅಕ್ಕ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಇಲ್ಲಿನ ಡಾಕ್ಟರಮ್ಮ ಕೆಟ್ಟವಳಲ್ಲ. ಆದರೆ ಹತ್ತು ಜನ ಮಾಡುವ ಕೆಲಸಕ್ಕೆ ಒಬ್ಬಳನ್ನು ಕೂರಿಸಿದ್ದರು. ರೋಗಿ ಕೂರುವ ಮೊದಲೇ ಅವಳ ಪೆನ್ನು ಓಡುತ್ತಿತ್ತು. ಬಡವರ ಪಾಲಿನ ಡಾಕ್ಟರಿಗೆ ಸಮಯ ಕೊಡದವರೇ ಬಡವರ ಗೋಡೆಗೆ ಟಿವಿ ಕೊಡುತ್ತಾರೆ. ಕಣ್ಣೆತ್ತಿ ನೋಡುವವರಿಲ್ಲದ ಕಡೆ ನಗುವವನೇ ದೇವರು.

ಅಕ್ಕನ ಸರದಿ ಬಂತು. ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದಳು. ಮುಖ ಗಂಭೀರವಾಯಿತು. ಇನ್ನೊಂದು ತೋಳಿಗೂ ಸುತ್ತಿದಳು.

"ಏನಮ್ಮಾ ಇದು, ಇಷ್ಟು ಏರಿದೆ? ಮಾತ್ರೆ ತಗೋತಾ ಇಲ್ವಾ ನೀನು?"

"ಇಲ್ಲ."

"ಯಾರು ನಿಲ್ಸು ಅಂದಿದ್ದು? ಟಿವಿನಾ? ನೀವೆಲ್ಲಾ ಹಿಂಗೇ. ನಾವು ಹೇಳಿದ್ದು ಬಿಟ್ಟು..." ಪೆನ್ನು ಆಗಲೇ ಓಡತೊಡಗಿತ್ತು. "ಅದೇ ಮಾತ್ರೆ ಮತ್ತೆ ಬರೀತೀನಿ. ನೆಕ್ಸ್ಟ್!"

ತಂಗಿ ಮೇಜಿನ ಮೇಲೆ ಅಂಗೈ ಊರಿದಳು. "ಡಾಕ್ಟ್ರೇ, ಬರೀಬೇಡಿ. ಅವಳ ಕಾಲು ನೋಡಿ ಮೊದಲು."

"ಹೊರಗೆ ಎಷ್ಟು ಜನ ಇದಾರೆ ನೋಡಿದೀಯಾ?"

"ನೋಡಿದೀನಿ. ಅವರಲ್ಲಿ ಎಷ್ಟು ಜನ ಮಾತ್ರೆ ಬಿಟ್ಟು ಪುಡಿ ತಿಂತಾ ಇದಾರೆ ಅಂತ ನಿಮಗೆ ಗೊತ್ತಾ? ಅವನು ಮೋಸಗಾರ ಅಂತ ನಾನು ಊರೆಲ್ಲಾ ಕೂಗಬಲ್ಲೆ. ಆದ್ರೆ ಇವಳು ಅವನ ಹತ್ರ ಯಾಕೆ ಹೋದಳು? ಇಲ್ಲಿ ಬಾಯಿ ತೆಗೆಯೋದ್ರೊಳಗೆ 'ನೆಕ್ಸ್ಟ್' ಅಂತೀರಿ, ಅದಕ್ಕೆ."

ಡಾಕ್ಟರಮ್ಮನ ಮುಖ ಕೆಂಪಾಯಿತು. ಬಾಗಿಲ ಕಡೆ ನೋಡಿದಳು, ಜವಾನನನ್ನು ಕರೆಯುವಳೇನೋ ಎನ್ನುವಂತೆ. ಕರೆಯಲಿಲ್ಲ. ಪೆನ್ನು ಕೆಳಗಿಟ್ಟು ಕುರ್ಚಿ ಬಿಟ್ಟು ಬಂದು ಅಕ್ಕನ ಮುಂದೆ ಬಗ್ಗಿದಳು. ಕಾಲಿನ ಹರಡಿನ ಮೇಲೆ ಹೆಬ್ಬೆರಳೊತ್ತಿದಳು.

"ಈಗ ಊತ ಇಲ್ವಲ್ಲ?"

"ಮಾತ್ರೆ ಬಿಟ್ಟ ಮೇಲೆ ಇಳೀತು," ಎಂದಳು ಅಕ್ಕ. "ನುಂಗ್ತಾ ಇದ್ದಾಗ ಬೋರಲು ಹಾಕಿದ ಚೊಂಬಿನ ಹಂಗೆ ಇತ್ತು."

"ಆ ಮಾತ್ರೆಯಿಂದ ಕೆಲವರಿಗೆ ಹಾಗಾಗುತ್ತೆ. ಬದಲಾಯಿಸಬಹುದು." ಅವಳು ಎದ್ದು ನಿಂತು, "ಮೊದಲೇ ಕೇಳಬೇಕಿತ್ತು ನಾನು," ಎಂದಳು. ಮತ್ತೆ ಕುರ್ಚಿಗೆ ಹೋಗಿ ಬೇರೆ ಹಾಳೆ ಎಳೆದುಕೊಂಡಳು.

ತಂಗಿ ಗೆದ್ದವಳಂತೆ ಅಕ್ಕನ ತೋಳು ಹಿಡಿದಳು. "ಏಳು, ಹೋಗೋಣ. ಬೇರೆ ಮಾತ್ರೆ ಕೊಡ್ತಾರೆ."

ಅಕ್ಕ ತೋಳು ಬಿಡಿಸಿಕೊಂಡಳು.

"ನೀನು ಹೊರಗೆ ನಿಂತ್ಕೋ."

"ಯಾಕೆ?"

"ಅವನು ಬಿಡು ಅಂದ, ಬಿಟ್ಟೆ. ಈಗ ನೀನು ತಗೋ ಅಂತೀಯ, ತಗೊಂಡ್ರೆ ಆಯ್ತಾ? ಇದು ನನ್ನ ಮೈ. ಈ ಮಾತ್ರೆ ಯಾಕೆ, ಬಿಟ್ರೆ ಒಳಗೆ ಏನಾಗುತ್ತೆ, ಇದರಿಂದ ಇನ್ನೇನು ತೊಂದರೆ ಬರಬಹುದು, ಬಂದ್ರೆ ಯಾರ ಹತ್ರ ಹೇಳೋದು, ಎಲ್ಲಾ ನಾನೇ ಕೇಳ್ತೀನಿ. ನಮ್ಮಮ್ಮಂಗೆ ಯಾಕೆ ಹಂಗಾಯ್ತು ಅಂತಾನೂ ಕೇಳ್ತೀನಿ. ಇಷ್ಟು ವರ್ಷ ಯಾರೂ ಹೇಳಿಲ್ಲ." ಅವಳು ಸ್ಟೂಲನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು, ಡಾಕ್ಟರಮ್ಮನ ಕಡೆ ತಿರುಗಿದಳು. "ನಿಧಾನವಾಗಿ ಹೇಳಿ ಡಾಕ್ಟ್ರೇ. ಅರ್ಥ ಆಗ್ದಿದ್ರೆ ಇನ್ನೊಂದು ಸಲ ಕೇಳ್ತೀನಿ."

ತಂಗಿ ಹೊರಬಂದು ಬಾಗಿಲು ಎಳೆದುಕೊಂಡಳು. ಸಾಲಿನಲ್ಲಿ ಮುಂದಿದ್ದ ಮುದುಕ ಕೋಲು ಕುಟ್ಟಿದ.

"ಏನವ್ವಾ, ಒಳಗೇ ಬಿಡಾರ ಹೂಡಿದ್ಲಾ ನಿಮ್ಮಕ್ಕ?"

ತಂಗಿ ಬೆನ್ನನ್ನು ಬಾಗಿಲಿಗೆ ಕೊಟ್ಟು ನಿಂತಳು.

"ಅವಳ ಮಾತು ಇನ್ನೂ ಮುಗಿದಿಲ್ಲ, ತಾತ. ನೀವೂ ಏನೇನು ಕೇಳ್ಬೇಕು ಅಂತ ಈಗಲೇ ಯೋಚನೆ ಮಾಡ್ಕೊಳ್ಳಿ."