ಡ್ಯಾಶ್‌ಬೋರ್ಡಿನ ಕೆಳಗಿನ ಸಮುದ್ರ

೧

ಎಲ್ಲಿಂದ ಶುರು ಮಾಡಲಿ? "ಆ ಕಾಲದಲ್ಲಿ" ಎಂದು ಶುರು ಮಾಡಬಹುದು. ಮಾಡಿದೆ ಕೂಡ. "ಆ ಕಾಲದಲ್ಲಿ ನಾಣ್ಯ ಬಿದ್ದ ಸದ್ದಿಗೇ ನಮ್ಮೆದೆ ಝಲ್ಲೆನ್ನುತ್ತಿತ್ತು" ಎಂದು ಬರೆದು, ಓದಿಕೊಂಡು, ಹೇಸಿಗೆಯಾಗಿ ಅಳಿಸಿದೆ. ನಾಸ್ಟಾಲ್ಜಿಯಾ ಎಂದರೆ ನೆನಪಿಗೆ ಹತ್ತುವ ನೆಗಡಿ. ಒಬ್ಬರು ಸೀನಿದರೆ ಸಾಕು, ಇಡೀ ತಲೆಮಾರು ಕರವಸ್ತ್ರ ಹುಡುಕುತ್ತದೆ. (ನೀವೂ ಜೇಬಿಗೆ ಕೈ ಹಾಕಿದಿರಿ. ನೋಡಿದೆ.)

೨

ವಿಷಯ ಇಷ್ಟೇ. ಚಿಕ್ಕವರಿದ್ದಾಗ ನಾನೂ ಅಣ್ಣನೂ ವಿಡಿಯೋ ಗೇಮ್ ಅಂಗಡಿಯಲ್ಲಿ ಒಂದು ಕಾರ್ ರೇಸ್ ಆಡುತ್ತಿದ್ದೆವು. ಬೀರುವಿನಷ್ಟು ದೊಡ್ಡ ಪೆಟ್ಟಿಗೆ, ಅದಕ್ಕೊಂದು ಸೀಟು, ಸ್ಟೀರಿಂಗ್, ಕೆಳಗೆ ಎರಡು ಪೆಡಲ್. ಸೀಟು ದೊಡ್ಡವರ ಅಳತೆಯದು. ಕೂತರೆ ಅಣ್ಣನ ಕಾಲು ಪೆಡಲ್ಲಿಗೆ ಎಟುಕದು. ಹಾಗಾಗಿ ಕೆಲಸ ಹಂಚಿಕೊಂಡೆವು. ಅವನು ಮೇಲೆ, ಸ್ಟೀರಿಂಗ್ ಹಿಡಿದು. ನಾನು ಡ್ಯಾಶ್‌ಬೋರ್ಡಿನ ಕೆಳಗೆ ಮುದುಡಿಕೊಂಡು, ಕೈಯಿಂದ ಪೆಡಲ್ ಒತ್ತುತ್ತಾ. ಅವನ ಕಾಲು ನನ್ನ ಬೆನ್ನಿಗೆ ಒಮ್ಮೆ ತಟ್ಟಿದರೆ ಓಡಿಸು, ಎರಡು ಸಲ ತಟ್ಟಿದರೆ ಬ್ರೇಕ್.

ಅಲ್ಲಿಂದ ಸ್ಕ್ರೀನ್ ಕಾಣದು. ಕಾಣುತ್ತಿದ್ದದ್ದು ಅವನ ಮಂಡಿ, ಮತ್ತೆ ಯಾರೋ ಅಂಟಿಸಿಹೋದ ಚೂಯಿಂಗ್ ಗಮ್. ಆದ್ದರಿಂದ ಅವನು ಹೇಳುತ್ತಿದ್ದ: "ಸೇತುವೆ ಬಂತು ಕಣೇ. ಸುರಂಗ. ಈಗ ಸಮುದ್ರ. ರಸ್ತೆ ಪಕ್ಕದಲ್ಲೇ ಅಲೆ, ನೀರು ಗಾಜಿಗೆ ಹಾರ್ತಾ ಇದೆ."

ನಾನು ಒತ್ತುತ್ತಿದ್ದೆ.

೨ (ಮತ್ತೆ. ಮೊದಲಿನದರಲ್ಲಿ ಅವನು ವಿನಾಕಾರಣ ಒಳ್ಳೆಯವನಾಗಿಬಿಟ್ಟ.)

ಅಣ್ಣ ಈಗ ಫ್ಲ್ಯಾಟ್ ಮಾರುತ್ತಾನೆ. ಇನ್ನೂ ಕಟ್ಟದ ಫ್ಲ್ಯಾಟು. ಖಾಲಿ ಸೈಟಿನಲ್ಲಿ ಗಿರಾಕಿಯನ್ನು ನಿಲ್ಲಿಸಿ, ಗಾಳಿಯಲ್ಲೇ ಕಿಟಕಿ ತೆಗೆಯುತ್ತಾನೆ: "ಸಾರ್, ಇದು ನಿಮ್ ಬಾಲ್ಕನಿ. ಎದುರಿಗೆ ಕೆರೆ. ಮೇಡಂ, ಆ ಬಾತುಕೋಳಿ ನೋಡಿದ್ರಾ?" ಮೇಡಂ ನೋಡಿರುತ್ತಾರೆ.

ಹೋದ ತಿಂಗಳು ಅಂಥ ಒಬ್ಬರು ಮೇಡಂ ಅಣ್ಣನ ಮನೆ ಬಾಗಿಲಿಗೇ ಬಂದು, "ಎಲ್ರೀ ನಮ್ಮ ಕೆರೆ? ಗೋಡೆ ಕಾಣ್ತಿದೆ" ಎಂದು ಕೂಗಾಡಿದರು. ಬಾಗಿಲು ತೆಗೆದದ್ದು ಅಣ್ಣನ ಮಗಳು. ಹೈಸ್ಕೂಲ್ ಹುಡುಗಿ, ಪಾಟಿಸವಾಲಿನ ಚಟಕ್ಕೆ ಮನೆಯಲ್ಲಿ ಲಾಯರಮ್ಮ ಎಂದೇ ಹೆಸರು. ಅಂದಿನಿಂದ ಅಪ್ಪ ಹೇಳಿದ ಯಾವುದನ್ನೂ ಅವಳು ನಂಬುವುದಿಲ್ಲ. ಊಟ ಆಯ್ತು ಅಂದರೆ ತಟ್ಟೆ ನೋಡಿ ಬರುತ್ತಾಳೆ.

ಅವಳು ನಂಬಲು ಉಳಿದಿರುವುದು ಒಂದೇ: ಚಿಕ್ಕಂದಿನಲ್ಲಿ ಅವಳನ್ನು ಮಲಗಿಸುವಾಗ ಅವನು ಹೇಳುತ್ತಿದ್ದ ಸಮುದ್ರದ ರೇಸು.

"ಅತ್ತೆ, ಅದಾದ್ರೂ ನಿಜಾನಾ?"

"ನಿಜ ಕಣೇ. ನಾನೇ ಇದ್ನಲ್ಲ."

(ಇಂಥ ಸಾಕ್ಷಿಗೆ ಯಾವ ಕೋರ್ಟಾದರೂ ಕನ್ನಡಕ ಕೊಡಿಸಿ ಮನೆಗೆ ಕಳಿಸುತ್ತದೆ.)

೪

(ಮೂರು ಎಲ್ಲಿ ಎನ್ನಬೇಡಿ. ಮೂರರಲ್ಲಿ 'ಬಾಲ್ಯದ ಮುಗ್ಧತೆ' ಎಂಬ ಮಾತು ನುಸುಳಿತು. ಇಡೀ ಭಾಗವನ್ನೇ ಕಸಕ್ಕೆ ಹಾಕಿದೆ.)

ಮಾಲಿನ ಕಾಫಿ ಅಂಗಡಿಯವನು ಅದೇ ಗೇಮ್ ತಂದಿಟ್ಟಿದ್ದಾನೆ. ಹಳೇ ಪೆಟ್ಟಿಗೆಗೆ ಹೊಸ ಪಾಲಿಶ್, ಮೇಲೊಂದು ಬೋರ್ಡು: 'ನಿಮ್ಮ ಬಾಲ್ಯ ಇಲ್ಲಿದೆ.' ಇದೆ, ಕೈ ತೊಳೆಯುವ ಬೇಸಿನ್ ಪಕ್ಕ. ಅಣ್ಣ ಫೋನ್ ಮಾಡಿದ: "ಭಾನುವಾರ ಲಾಯರಮ್ಮನ್ನ ಕರ್ಕೊಂಡು ಬರ್ತೀನಿ. ತೋರಿಸೇಬಿಡೋಣ."

ಶನಿವಾರವೇ ನಾನೊಬ್ಬಳು ಹೋದೆ. ಸೀಟಿನಲ್ಲಿ ಕೂತೆ. ಬೂದು ರಸ್ತೆ. ಎಡಕ್ಕೊಂದು ಮರ, ಬಲಕ್ಕೊಂದು ಮರ, ಮತ್ತೆ ಅದೇ ಎಡಗಡೆಯ ಮರ. ಕೊನೆಯವರೆಗೂ ಓಡಿಸಿದೆ. ಬಾವುಟ ಬಂತು, ಸಮುದ್ರ ಬರಲಿಲ್ಲ.

"ಸಮುದ್ರಾನಾ?" ಎಂದ ಅಂಗಡಿಯವನು. "ಇದರಲ್ಲಿರೋದೇ ಒಂದು ರಸ್ತೆ ಮೇಡಂ. ಬೇಕಂದ್ರೆ ಗೋಡೆಗೊಂದು ಪೋಸ್ಟರ್ ಹಾಕಿಸ್ತೀನಿ."

ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಅವನು ನಕ್ಕ. "ನೀನು ಕೆಳಗಿದ್ದೆ. ನಿನಗೇನು ಗೊತ್ತು?"

ಮಾರುವವನು ಮಾರಿ ಮಾರಿ ಕೊನೆಗೆ ತಾನೇ ಕೊಂಡುಕೊಂಡಿದ್ದ.

೫

ಇಷ್ಟು ಬರೆಯುವ ಹೊತ್ತಿಗೆ ಅವನು ಕಥೆಯೊಳಗಿಂದ ಕತ್ತು ಹೊರಹಾಕಿದ.

"ಇದೆಲ್ಲ ಬರೀಬೇಡ ಕಣೇ. ಅವಳು ಓದ್ತಾಳೆ."

"ಓದಲಿ."

"ಒಂದೇ ಒಂದು ಅಲೆ ಹಾಕು ಸಾಕು. ಕಥೆ ತಾನೇ? ನಿನಗೇನು ಖರ್ಚು?"

"ಅಣ್ಣಾ, ನಾನು ನಿನ್ನ ಗಿರಾಕಿ ಅಲ್ಲ."

"ಮೊದಲನೇ ಗಿರಾಕೀನೇ ನೀನು."

ಪಾತ್ರಗಳಿಗೆ ಒಳ್ಳೇ ಮಾತು ಕೊಡಬಾರದು. ತಲೆ ಮೇಲೆ ಕೂರುತ್ತವೆ.

೬

ಭಾನುವಾರ. ಅಣ್ಣ ಠೀವಿಯಿಂದ ಕೂತ, ಸ್ಟೀರಿಂಗ್ ಹಿಡಿದ. ರೇಸ್ ಶುರುವಾಯಿತು. ಬೇರೆ ಕಾರುಗಳೆಲ್ಲ ಹೋದವು, ಇವನದು ನಿಂತಲ್ಲೇ ಗುರುಗುಟ್ಟುತ್ತಿತ್ತು. ಅವನ ಕಾಲು ಗಾಳಿಯಲ್ಲಿ ಒಮ್ಮೆ ತಟ್ಟಿತು. ಕಾದ. ಇನ್ನೊಮ್ಮೆ ತಟ್ಟಿದ.

"ಅಪ್ಪಾ, ಕೆಳಗೆ ಪೆಡಲ್ ಇದೆ. ನೀನೇ ಒತ್ತಬೇಕು."

"ಗೊತ್ತಮ್ಮಾ."

ಗೊತ್ತಿರಲಿಲ್ಲ. ಆ ಕಾಲಿಗೆ ಗೊತ್ತಿದ್ದದ್ದು ನನ್ನ ಬೆನ್ನು ಮಾತ್ರ. ನಗಬೇಕೆಂದೇ ಹೋಗಿದ್ದೆ. ನಗುವ ಬದಲು ಬ್ಯಾಗನ್ನು ಲಾಯರಮ್ಮನ ಕೈಗೆ ಕೊಟ್ಟು, ನಲವತ್ತು ದಾಟಿದ ಈ ಮಂಡಿಗಳನ್ನು ಮಡಿಸಿ ಒಳಗೆ ತೂರಿದೆ. ಯಾಕೆಂದು ವಿಮರ್ಶಕರು ಹೇಳಲಿ, ಅವರಿಗೆ ಬೇರೆ ಕೆಲಸವಿಲ್ಲ.

ಒತ್ತಿದೆ. ಮೇಲಿಂದ ಹಳೇ ದನಿ: "ಸೇತುವೆ ಬಂತು. ಸುರಂಗ. ಈಗ..."

"ಎಲ್ಲಿ?" ಎಂದಳು ಪಕ್ಕದಲ್ಲಿ ನಿಂತು ಸ್ಕ್ರೀನ್ ನೋಡುತ್ತಿದ್ದವಳು.

ಮುಕ್ತಾಯ ಅ: ಅವಳು ಬ್ಯಾಗ್ ಎಸೆದು ಹೊರಟುಹೋದಳು. (ಧಾರಾವಾಹಿ.)

ಮುಕ್ತಾಯ ಆ: "ಕಲ್ಪನೆಯೇ ಪ್ರೀತಿ ಅಪ್ಪಾ" ಎಂದು ತಬ್ಬಿಕೊಂಡಳು. (ಥೂ.)

ಮುಕ್ತಾಯ ಇ: ಅವಳು ಬಗ್ಗಿ, "ಅತ್ತೆ, ನೀನು ಈಚೆ ಬಾ" ಎಂದಳು. ನನ್ನನ್ನು ಎಳೆದು ಹಾಕಿ ತಾನು ಒಳಗೆ ನುಗ್ಗಿದಳು. ಕಾರು ಹೊರಟಿತು.

"ಈಗ ಹೇಳು ಅಪ್ಪಾ. ಏನು ಬಂತು?"

ನಾನು ಅವನ ಬೆನ್ನ ಹಿಂದೆ ನಿಂತಿದ್ದೆ. ಅವನು ಹೇಳುವಾಗ ರಸ್ತೆಯೂ ಅವನೂ ಒಟ್ಟಿಗೆ ಕಂಡದ್ದು ಅದೇ ಮೊದಲು. ಅವನ ಕುತ್ತಿಗೆ ಬೆವರಿತ್ತು.

"ಮರ" ಎಂದ.

"ಆಮೇಲೆ?"

"ಇನ್ನೊಂದು ಮರ."

"ಆಮೇಲೆ?"

"ಅದೇ ಮರ ಕಣಮ್ಮಾ."

ಕೆಳಗೆ ಅವಳ ಕೈ ಸಡಿಲವಾಯಿತು. ಕಾರು ನಿಧಾನವಾಯಿತು, ಇನ್ನೇನು ನಿಲ್ಲಬೇಕು. ಅಷ್ಟರಲ್ಲಿ ಅವಳು ಪೆಡಲ್ಲನ್ನು ಪೂರ್ತಿ ಒತ್ತಿದಳು.

"ಆಮೇಲೆ?"

ಅಣ್ಣ ತಿರುಗಿ ನನ್ನ ಮುಖ ನೋಡಿದ. ಬರೆಯುವವಳು ನಾನು. ಒಂದು ವಾಕ್ಯ ಸಾಕು, ಇಡೀ ಸಮುದ್ರ ತಂದು ಸುರಿಯಬಲ್ಲೆ. ಸುರಿಯುವುದಿಲ್ಲ. ಇನ್ನೊಂದು ಮರವನ್ನೂ ನೆಡುವುದಿಲ್ಲ. ಅವನೇ ಹೇಳಬೇಕು.

ಅವನು ಬಾಯಿ ತೆರೆದಿದ್ದಾನೆ. ಕಾರು ಓಡುತ್ತಿದೆ. ನೀವು ಕಾಯುವವರಾದರೆ ಕಾಫಿ ಹೇಳಿಕೊಳ್ಳಿ. ನಾನಂತೂ ಪೆನ್ನು ಕೆಳಗಿಟ್ಟು ಅವನ ಬಾಯನ್ನೇ ನೋಡುತ್ತಿದ್ದೇನೆ.